ಹಾಟ್‌ಸಿಂಕ್ ಅದೃಷ್ಟದ ಆಟವಲ್ಲ

ಪಾಮ್ ಆರ್ಗನೈಸರನ್ನು ಯುಎಸ್‌ಬಿ ಮೂಲಕ ಲಿನಕ್ಸ್ ಕಂಪ್ಯೂಟರಿಗೆ ಸಿಂಕ್ ಮಾಡುವ ಕೆಲಸದ ಬಗ್ಗೆ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರುಬಿಟ್ಟಿದೆ. ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಈಗ ಆಗುತ್ತದೆ, ಮರುಗಳಿಗೆ ಕೈಕೊಡುತ್ತದೆ. ಏಕೆ ಆಯಿತು, ಏಕೆ ಆಗಲಿಲ್ಲ ಎಂದು ಯಾರೂ ಹೇಳಲಾರರು ಎಂಬುದು ಆ ಅಭಿಪ್ರಾಯ. ಅದರ ಬೆನ್ನಿಗೇ ಒಂದು ಚಿಕಿತ್ಸೆಯೂ ಚಾಲ್ತಿಗೆ ಬಂತು: ರೂಟ್ ಆಗಿ ಓಡಿಸಿ ನೋಡಿ, ಸಾಧನ ಕಡತದ ಅನುಮತಿಯನ್ನು 666 ಮಾಡಿ ನೋಡಿ, ವೇಗ ಬದಲಿಸಿ ನೋಡಿ, ಪ್ಯಾಕೇಜನ್ನು ತೆಗೆದು ಮತ್ತೆ ಹಾಕಿ ನೋಡಿ, ಯಾವುದಕ್ಕೂ ಬಗ್ಗದಿದ್ದರೆ ಪಾಮನ್ನೇ ಹಾರ್ಡ್ ರೀಸೆಟ್ ಮಾಡಿ ನೋಡಿ. ಅಭಿಪ್ರಾಯವೂ ತಪ್ಪು, ಚಿಕಿತ್ಸೆಯೂ ತಪ್ಪು. ಹಾಟ್‌ಸಿಂಕ್ ಗುಂಡಿ ಒತ್ತಿದ ಕ್ಷಣದಿಂದ ವಿಳಾಸಪುಸ್ತಕ ಕಂಪ್ಯೂಟರಿನಲ್ಲಿ ತೆರೆಯುವವರೆಗೆ ನಡೆಯುವುದೆಲ್ಲ ಗೊತ್ತಾದ ಕ್ರಮದಲ್ಲೇ ನಡೆಯುತ್ತದೆ. ಎಲ್ಲಿ ಮುರಿಯುತ್ತದೋ ಅಲ್ಲಿ ಗುರುತು ಬಿಟ್ಟೇ ಮುರಿಯುತ್ತದೆ. ಆ ಗುರುತನ್ನು ಓದುವ ಅಭ್ಯಾಸ ಬೆಳೆಯಲಿಲ್ಲ ಎಂಬುದೇ ನಿಜವಾದ ದೋಷ.

ಇದು ಬರೀ ಅನುಕೂಲದ ಪ್ರಶ್ನೆಯಾಗಿದ್ದರೆ ಇಷ್ಟು ಒತ್ತಿ ಹೇಳಬೇಕಾಗಿರಲಿಲ್ಲ. ಹಳೆಯ ಪಾಮ್ ಸಾಧನಗಳಲ್ಲಿ ಬಹುಪಾಲಿನಲ್ಲಿ ಬಳಕೆದಾರರ ಮಾಹಿತಿ ಇರುತ್ತಿದ್ದದ್ದು ರ‍್ಯಾಮ್‌ನಲ್ಲಿ. ಬ್ಯಾಟರಿ ಪೂರ್ತಿ ಇಳಿದರೆ ದೂರವಾಣಿ ಸಂಖ್ಯೆ, ದಿನಚರಿ, ಟಿಪ್ಪಣಿ ಎಲ್ಲವೂ ಅಳಿಸಿಹೋಗುತ್ತಿದ್ದವು. ಸಿಂಕ್ ಆದಾಗ ಕಂಪ್ಯೂಟರಿಗೆ ಇಳಿಯುತ್ತಿದ್ದ ಪ್ರತಿಯೇ ಅವುಗಳಿಗೆ ಇದ್ದ ಮುಖ್ಯ ಆಸರೆ. ಸಿಂಕನ್ನು ಅದೃಷ್ಟಕ್ಕೆ ಬಿಟ್ಟವರು ಆ ಆಸರೆಯನ್ನೂ ಅದೃಷ್ಟಕ್ಕೇ ಬಿಟ್ಟಂತಾಯಿತು.

ತಪ್ಪು ಅಭಿಪ್ರಾಯ ಎಲ್ಲಿಂದ ಬಂತು ಎಂದು ತಿಳಿಯಲು ಸೀರಿಯಲ್ ಕ್ರೇಡಲಿನ ಕಾಲಕ್ಕೆ ಹೋಗಬೇಕು. 1996ರಲ್ಲಿ ಬಂದ ಪಾಮ್‌ನ ಪೈಲಟ್ 1000 ಮತ್ತು ಪೈಲಟ್ 5000 ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಜೋಡಿಸುವ ಕ್ರೇಡಲ್ ಮೇಲೆ ಕೂರುತ್ತಿದ್ದವು. ಆ ಪೋರ್ಟ್ ಮದರ್‌ಬೋರ್ಡಿನ ಭಾಗ. ಪೈಲಟ್ ಕ್ರೇಡಲ್ ಮೇಲಿರಲಿ, ಜೇಬಿನಲ್ಲಿರಲಿ, /ಡೆವ್/ಟಿಟಿವೈಎಸ್0 ಎಂಬ ಸಾಧನ ಕಡತ ಇದ್ದೇ ಇರುತ್ತದೆ, ಅದರ ಹಿಂದಿನ ಚಿಪ್ಪೂ ಇದ್ದೇ ಇರುತ್ತದೆ. ಯಾವ ಪ್ರೋಗ್ರಾಮಾದರೂ ಅದನ್ನು ಯಾವಾಗ ಬೇಕಾದರೂ ತೆರೆದು ಕಾಯುತ್ತ ಕೂರಬಹುದು. ಕೆನೆತ್ ಅಲ್ಬನೌಸ್ಕಿ ಆರಂಭಿಸಿದ ಪೈಲಟ್-ಲಿಂಕ್ ತಂತ್ರಾಂಶದ ಕ್ರಮವೂ ಇದಕ್ಕೆ ಹೊಂದಿಕೊಂಡೇ ರೂಪುಗೊಂಡಿತು. ಮೊದಲು ಅದರ ಪೈಲಟ್-ಎಕ್ಸ್‌ಫರ್ ಎಂಬ ಪ್ರೋಗ್ರಾಂ ಓಡಿಸಬೇಕು. ಅದು ಪೋರ್ಟ್ ತೆರೆದು, ಈಗ ಹಾಟ್‌ಸಿಂಕ್ ಗುಂಡಿ ಒತ್ತಿ ಎಂದು ಕೇಳುತ್ತದೆ. ಆಮೇಲೆ ಗುಂಡಿ ಒತ್ತಬೇಕು. ಪ್ರತಿ ಸಲ ಪೋರ್ಟಿನ ಹೆಸರು ಬರೆಯುವ ತಾಪತ್ರಯ ಬೇಡವೆಂದು /ಡೆವ್/ಪೈಲಟ್ ಎಂಬ ಸಂಕೇತ ಕೊಂಡಿಯನ್ನು ಒಮ್ಮೆ ಮಾಡಿಟ್ಟರೆ ಮುಗಿಯಿತು. ಸೀರಿಯಲ್ ಪೋರ್ಟಿಗೆ ಈ ಕ್ರಮದಲ್ಲಿ ಯಾವ ತಪ್ಪೂ ಇರಲಿಲ್ಲ.

1999ರಲ್ಲಿ ಹ್ಯಾಂಡ್‌ಸ್ಪ್ರಿಂಗ್ ಕಂಪನಿಯ ವೈಸರ್ ಯುಎಸ್‌ಬಿ ಕ್ರೇಡಲಿನೊಂದಿಗೆ ಬಂತು. ಪಾಮ್ ಕಂಪನಿಯಿಂದ ಹೊರಬಂದ ಜೆಫ್ ಹಾಕಿನ್ಸ್, ಡೊನ್ನಾ ಡುಬಿನ್‌ಸ್ಕಿ, ಎಡ್ ಕಾಲಿಗನ್ ಕಟ್ಟಿದ ಕಂಪನಿ ಅದು. 2001ರ ಎಂ500, ಎಂ505 ಮಾದರಿಗಳ ಹೊತ್ತಿಗೆ ಪಾಮ್ ಕೂಡ ಅದೇ ದಾರಿ ಹಿಡಿಯಿತು. ಸೋನಿಯ ಕ್ಲಿಯೆ ಸರಣಿಯದೂ ಅದೇ ದಾರಿ. ಕಣ್ಣಿಗೆ ಕಾಣುವ ಬದಲಾವಣೆ ಕೇಬಲ್ಲಿನ ತುದಿಯದು ಮಾತ್ರ. ಒಳಗೆ ಬದಲಾದದ್ದೇ ಬೇರೆ. ಕ್ರೇಡಲ್ ಮೇಲೆ ಸುಮ್ಮನೆ ಕೂತ ವೈಸರ್ ಕಂಪ್ಯೂಟರಿನ ಪಾಲಿಗೆ ಇಲ್ಲವೇ ಇಲ್ಲ. ಹಾಟ್‌ಸಿಂಕ್ ಗುಂಡಿ ಒತ್ತಿದಾಗ ಮಾತ್ರ ಅದು ಯುಎಸ್‌ಬಿ ಬಸ್ಸಿನಲ್ಲಿ ತಲೆ ಎತ್ತುತ್ತದೆ, ತನ್ನ ಗುರುತು ಹೇಳುತ್ತದೆ, ಪೋರ್ಟ್ ಪಡೆಯುತ್ತದೆ. ಸಿಂಕ್ ಮುಗಿದರೆ, ಅಥವಾ ಕೆಲಹೊತ್ತು ಯಾರೂ ಮಾತಾಡಿಸದಿದ್ದರೆ, ಮತ್ತೆ ಕಣ್ಮರೆಯಾಗುತ್ತದೆ. ಪೋರ್ಟ್ ಎಂಬುದು ಕಂಪ್ಯೂಟರಿನ ಸ್ಥಿರ ಆಸ್ತಿಯಾಗಿದ್ದ ಕಾಲ ಅಲ್ಲಿಗೆ ಮುಗಿಯಿತು.

ಇದನ್ನು ಯಾರೂ ಮುಚ್ಚಿಡಲಿಲ್ಲ. ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ ವೈಸರ್ ಡ್ರೈವರ್ ಲಿನಕ್ಸ್ 2.4ರ ಕಾಲಕ್ಕಾಗಲೇ ಕರ್ನೆಲ್ಲಿನಲ್ಲಿತ್ತು. ಕರ್ನೆಲ್ಲಿನ ಜೊತೆಗೇ ಬರುವ ಯುಎಸ್‌ಬಿ-ಸೀರಿಯಲ್ ಟಿಪ್ಪಣಿ ಇದನ್ನು ನೇರವಾಗಿ ಹೇಳುತ್ತದೆ: ಯಾವುದೇ ಪ್ರೋಗ್ರಾಂ ಸಾಧನದ ಜೊತೆ ಮಾತಾಡಲು ಹೊರಡುವ ಮುನ್ನವೇ ಸಿಂಕ್ ಗುಂಡಿ ಒತ್ತಿರಬೇಕು. ಈ ಮಾತು ಪೈಲಟ್-ಎಕ್ಸ್‌ಫರ್ ಮುಂತಾದವುಗಳ ಆಗಿನ ದಾಖಲೆಗೆ ವಿರುದ್ಧವಾಗಿದೆ ಎಂದು ಒಪ್ಪಿಕೊಂಡು, ಸಾಧನದ ಯಂತ್ರಾಂಶವೇ ಹಾಗಿರುವುದರಿಂದ ಬೇರೆ ದಾರಿ ಇಲ್ಲ ಎಂದೂ ಸೇರಿಸುತ್ತದೆ. ಅದೃಷ್ಟದ ವಾದ ಹೂಡುವವರು ಈ ಒಂದು ಟಿಪ್ಪಣಿ ಓದಿದ್ದರೆ ಅರ್ಧ ದೂರು ಅಲ್ಲೇ ಬಿದ್ದುಹೋಗುತ್ತಿತ್ತು. ಡ್ರೈವರ್ ಅರೆಬೆಂದದ್ದು ಎಂಬ ಆರೋಪ ಹೊತ್ತು ತಿರುಗಿದವರಲ್ಲಿ ಬಹುಪಾಲು ಜನ ಸೀರಿಯಲ್ ಕಾಲದ ಕ್ರಮದಲ್ಲೇ, ಅಂದರೆ ಮೊದಲು ಪ್ರೋಗ್ರಾಂ ಆಮೇಲೆ ಗುಂಡಿ ಎಂದು, ಕೆಲಸ ಮಾಡುತ್ತಿದ್ದರು. ಅವರ ಪ್ರೋಗ್ರಾಂ ಇನ್ನೂ ಹುಟ್ಟದ ಪೋರ್ಟನ್ನು ತೆರೆಯಲು ಹೋಗಿ ಸೋಲುತ್ತಿತ್ತು. ಸೋತ ಮೇಲೆ ಹತಾಶರಾಗಿ ಗುಂಡಿ ಒತ್ತಿ, ಒತ್ತಿದ ಬೆನ್ನಿಗೇ ಆಜ್ಞೆಯನ್ನು ಇನ್ನೊಮ್ಮೆ ಕೊಟ್ಟರೆ ಕೆಲಸ ಆಗಿಬಿಡುತ್ತಿತ್ತು. ಗೊತ್ತಿಲ್ಲದೆ ಸರಿಯಾದ ಕ್ರಮ ಪಾಲಿಸಿದಾಗಲೆಲ್ಲ ಫಲ ಸಿಕ್ಕಿತು. ಅದಕ್ಕೆ ಅದೃಷ್ಟ ಎಂಬ ಹೆಸರು ಬಿತ್ತು.

ಸಾಧನ ಬಸ್ಸಿಗೆ ಬಂದಿತೋ ಇಲ್ಲವೋ ಎಂದು ತಿಳಿಯಲು ಊಹೆ ಬೇಕಿಲ್ಲ. ಒಂದು ಟರ್ಮಿನಲ್ಲಿನಲ್ಲಿ ಕರ್ನೆಲ್ ಲಾಗ್ ಓಡುತ್ತಿರಲಿ, ಕಣ್ಣು ಅದರ ಮೇಲಿರಲಿ, ಬೆರಳು ಗುಂಡಿ ಒತ್ತಲಿ. ಹೊಸ ಯುಎಸ್‌ಬಿ ಸಾಧನವೊಂದು ಸಿಕ್ಕಿತು, ಅದಕ್ಕೆ ಇಂಥ ವಿಳಾಸ ಕೊಟ್ಟಿದೆ ಎಂಬ ಸಾಲು ಮೊದಲು ಬರುತ್ತದೆ. ಅದು ಹ್ಯಾಂಡ್‌ಸ್ಪ್ರಿಂಗ್ ವೈಸರ್ / ಪಾಮ್ ಓಎಸ್ ಬಗೆಯದು ಎಂದು ಡ್ರೈವರ್ ಗುರುತಿಸುವುದು ಆಮೇಲಿನ ಸಾಲು. ಮುಂದಿನ ಸಾಲುಗಳಲ್ಲಿ ಡ್ರೈವರ್ ಸಾಧನವನ್ನೇ ವಿಚಾರಿಸಿ ತಿಳಿದ ಸಂಗತಿ ಇರುತ್ತದೆ: ಒಂದನೇ ಪೋರ್ಟ್ ಸಾಮಾನ್ಯ ಬಳಕೆಗೆ, ಎರಡನೇ ಪೋರ್ಟ್ ಹಾಟ್‌ಸಿಂಕ್ ಬಳಕೆಗೆ, ಒಟ್ಟು ಪೋರ್ಟುಗಳು ಎರಡು. ಕೊನೆಗೆ ಅವೆರಡೂ ಟಿಟಿವೈಯುಎಸ್‌ಬಿ0 ಮತ್ತು ಟಿಟಿವೈಯುಎಸ್‌ಬಿ1ಕ್ಕೆ ಜೋಡಿಸಲ್ಪಟ್ಟವು ಎಂಬ ಸಾಲು. ರೋಗನಿದಾನದ ಬಹುಭಾಗ ಈ ಕೆಲವೇ ಸಾಲುಗಳಲ್ಲಿದೆ. ಮೊದಲ ಸಾಲೇ ಬರದಿದ್ದರೆ ದೋಷ ಕೇಬಲ್, ಕ್ರೇಡಲ್ ಅಥವಾ ಪಾಮ್‌ನಲ್ಲಿದೆ. ಅನುಮತಿಯನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಮೊದಲ ಸಾಲು ಬಂದು ಎರಡನೆಯದು ಬರದಿದ್ದರೆ ಕೇಬಲ್ ಚೆನ್ನಾಗಿದೆ, ಡ್ರೈವರ್ ಲೋಡ್ ಆಗಿಲ್ಲ ಅಥವಾ ಅದಕ್ಕೆ ಈ ಮಾದರಿಯ ಪರಿಚಯವಿಲ್ಲ. ಎಲ್ಲ ಸಾಲೂ ಬಂದಿದ್ದರೆ ಕರ್ನೆಲ್ ತನ್ನ ಪಾಲಿನ ಕೆಲಸ ಮುಗಿಸಿದೆ, ತೊಂದರೆಯನ್ನು ಅದರ ಮೇಲಿನ ಹಂತದಲ್ಲಿ ಹುಡುಕಬೇಕು.

ಎರಡು ಪೋರ್ಟುಗಳಲ್ಲಿ ಯಾವುದನ್ನು ಬಳಸಬೇಕು ಎಂಬಲ್ಲಿಯೂ ಕತ್ತಲಲ್ಲಿ ತಡಕಾಡುವ ರೂಢಿ ಬೆಳೆಯಿತು. ಮೊದಲನೆಯದನ್ನು ಪ್ರಯತ್ನಿಸಿ, ಆಗದಿದ್ದರೆ ಎರಡನೆಯದನ್ನು ಎಂಬ ಸಲಹೆ ಕೊಡುತ್ತಿದ್ದವರು ಲಾಗಿನಲ್ಲೇ ಉತ್ತರ ಬರೆದಿದೆ ಎಂದು ಹೇಳಲಿಲ್ಲ. ಸಾಮಾನ್ಯವಾಗಿ ಎರಡನೆಯದೇ ಹಾಟ್‌ಸಿಂಕ್ ಪೋರ್ಟ್. ಬೇರೆ ಯುಎಸ್‌ಬಿ-ಸೀರಿಯಲ್ ಸಾಧನ ಇಲ್ಲದಿದ್ದರೆ ಅದು ಟಿಟಿವೈಯುಎಸ್‌ಬಿ1. ಪಾಮ್ ಓಎಸ್ 3.5 ಇರುವ ಕ್ಲಿಯೆಗಳಿಗೆ ಮೊದಲನೆಯದೇ ಬೇಕು. ಹಳೆಯ ಕ್ಲಿಯೆಯ ಓಎಸ್ ಅನ್ನು ಆಮೇಲೆ ಮೇಲ್ದರ್ಜೆಗೆ ಏರಿಸಿದ್ದರೂ ಬಹುಮಟ್ಟಿಗೆ ಹಾಗೆಯೇ. ಇದೂ ಕರ್ನೆಲ್ ಟಿಪ್ಪಣಿಯಲ್ಲಿ ಅಚ್ಚಾಗಿರುವ ಮಾತು. ಅಪವಾದ ಇದೆ ನಿಜ, ಆದರೆ ಬರೆದಿಟ್ಟ ಅಪವಾದವನ್ನು ಅನಿಶ್ಚಿತತೆ ಎಂದು ಕರೆಯಲಾಗದು.

ಅದೃಷ್ಟದ ಭ್ರಮೆಗೆ ಎಲ್ಲಕ್ಕಿಂತ ಹೆಚ್ಚು ಇಂಬು ಕೊಟ್ಟದ್ದು ಎರಡನೇ ಸಲದ ಸೋಲು. ಮೊದಲ ಸಿಂಕ್ ಸಲೀಸಾಗಿ ಆಗುತ್ತದೆ. ಹತ್ತು ನಿಮಿಷ ಬಿಟ್ಟು, ಏನನ್ನೂ ಬದಲಿಸದೆ, ಅದೇ ಗುಂಡಿ ಒತ್ತಿ ಅದೇ ಆಜ್ಞೆ ಕೊಟ್ಟರೆ ಆಗುವುದಿಲ್ಲ. ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಮತ್ತೆ ಒಂದು ಸಲ ಆಗುತ್ತದೆ. ಇಂಥದ್ದನ್ನು ನೋಡಿದವರಿಗೆ ಇದು ಮನಬಂದಂತೆ ನಡೆಯುವ ವ್ಯವಸ್ಥೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಎರಡನೇ ಸಲದ ಲಾಗನ್ನು ನೋಡಿದರೆ ಪೋರ್ಟುಗಳ ಹೆಸರು ಟಿಟಿವೈಯುಎಸ್‌ಬಿ2 ಮತ್ತು ಟಿಟಿವೈಯುಎಸ್‌ಬಿ3 ಎಂದಾಗಿರುತ್ತದೆ. ಮೊದಲ ಸಿಂಕ್ ಮುಗಿದು ಪಾಮ್ ಬಸ್ಸಿನಿಂದ ಇಳಿದುಹೋದರೂ ಯಾವುದೋ ಒಂದು ಪ್ರೋಗ್ರಾಂ ಹಳೆಯ ಪೋರ್ಟನ್ನು ಮುಚ್ಚದೆ ಹಿಡಿದುಕೊಂಡಿದೆ. ಹಿಡಿತ ಬಿಡುವವರೆಗೆ ಕರ್ನೆಲ್ ಆ ಸಂಖ್ಯೆಗಳನ್ನು ಬೇರೆಯವರಿಗೆ ಕೊಡಲಾರದು. ಹೊಸದಾಗಿ ಬಂದ ಸಾಧನಕ್ಕೆ ಮುಂದಿನ ಸಂಖ್ಯೆಗಳನ್ನು ಕೊಡುತ್ತದೆ. ಇತ್ತ /ಡೆವ್/ಪೈಲಟ್ ಎಂಬ ಸ್ಥಿರ ಕೊಂಡಿ ಟಿಟಿವೈಯುಎಸ್‌ಬಿ1ನ್ನೇ ತೋರಿಸುತ್ತ ನಿಂತಿರುತ್ತದೆ. ಕಂಪ್ಯೂಟರ್ ಆರಿಸಿದರೆ ಸರಿಹೋಗುವುದು ಹಿಡಿದಿದ್ದ ಪ್ರೋಗ್ರಾಂ ಸತ್ತು ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ, ಬೇರೆ ಯಾವ ಪವಾಡದಿಂದಲೂ ಅಲ್ಲ.

ಹಿಡಿದಿರುವವರು ಯಾರು ಎಂದು ಎಫ್‌ಯೂಸರ್ ಅಥವಾ ಎಲ್‌ಎಸ್‌ಓಎಫ್ ಆಜ್ಞೆ ಹೆಸರು ಹಿಡಿದು ಹೇಳುತ್ತದೆ. ಬಹಳ ಸಲ ಅದು ಗ್ನೋಮ್-ಪೈಲಟ್‌ನ ಜಿಪೈಲಟ್‌ಡಿ ಅಥವಾ ಕೆಪೈಲಟ್‌ನ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ; ಬಳಕೆದಾರರು ಎಂದೋ ಒಮ್ಮೆ ಹೊಂದಿಸಿ ಮರೆತದ್ದು, ಲಾಗಿನ್ ಆದಾಗಲೆಲ್ಲ ತಾನೇ ಏಳುವಂಥದ್ದು. ಇಂಥ ಎರಡು ಡೀಮನ್‌ಗಳು ಒಟ್ಟಿಗೆ ಎದ್ದಿದ್ದರೆ, ಅಥವಾ ಒಂದು ಡೀಮನ್ ಇರುವಾಗಲೇ ಜೆ-ಪೈಲಟ್ ಎಂಬ ಸಿಂಕ್ ಪ್ರೋಗ್ರಾಂ ಕೂಡ ಓಡುತ್ತಿದ್ದರೆ, ಪಾಮ್ ಕಳಿಸುವ ಬೈಟುಗಳು ಇಬ್ಬರಿಗೂ ಚೂರುಚೂರಾಗಿ ಹಂಚಿಹೋಗುತ್ತವೆ. ಆಗ ಸಿಂಕ್ ಶುರುವಾಗಿ ಮಧ್ಯದಲ್ಲಿ ನಿಲ್ಲುತ್ತದೆ, ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ನಿಲ್ಲುವ ಜಾಗ ಬದಲಾಗುತ್ತದೆ, ಕಾರಣ ಬದಲಾಗುವುದಿಲ್ಲ. ಒಂದು ಪೋರ್ಟಿಗೆ ಒಂದೇ ಪ್ರೋಗ್ರಾಂ ಎಂಬ ನಿಯಮ ಪಾಲಿಸಿದರೆ ಇದು ನಿಲ್ಲುತ್ತದೆ. ಸಂಖ್ಯೆ ಬದಲಾಗುವ ತೊಂದರೆಗೆ, ಸಾಧನ ಬಂದಾಗ ಅದರ ಕಡತ ಮಾಡುವ ಯುಡೆವ್ ಬಂದ ಮೇಲೆ, ಚೊಕ್ಕ ಪರಿಹಾರವೂ ಸಿಕ್ಕಿತು: ಪಾಮ್ ಸಾಧನದ ಬೆಸ ಸಂಖ್ಯೆಯ ಟಿಟಿವೈಯುಎಸ್‌ಬಿ ಪೋರ್ಟ್ ಯಾವುದು ಹುಟ್ಟಿದರೂ ಅದಕ್ಕೆ ಪೈಲಟ್ ಎಂಬ ಕೊಂಡಿ ಹಾಕು ಎನ್ನುವ ಒಂದೇ ಸಾಲಿನ ನಿಯಮ. ಕೊಂಡಿ ಸಾಧನದ ಜೊತೆಗೇ ಹುಟ್ಟುತ್ತದೆ, ಅದರ ಜೊತೆಗೇ ಹೋಗುತ್ತದೆ.

ಪ್ರಚಲಿತ ಅಭಿಪ್ರಾಯದ ಇನ್ನೊಂದು ದೊಡ್ಡ ಅಪರಾಧ, ಎಲ್ಲ ದೋಷ ಸಂದೇಶಗಳನ್ನೂ ಸಿಂಕ್ ಆಗಲಿಲ್ಲ ಎಂಬ ಒಂದೇ ಮಾತಿಗೆ ಇಳಿಸಿದ್ದು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕಡತ ತೆರೆಯುವ ಪ್ರಯತ್ನ ಸೋತರೆ ಸೋಲಿನ ಬಗೆಯೂ ತಿಳಿಯುತ್ತದೆ. ಅಂಥ ಕಡತ ಇಲ್ಲ ಎಂಬ ಉತ್ತರ ಬಂದರೆ ಯುಡೆವ್ ಇನ್ನೂ ಸಾಧನ ಕಡತ ಮಾಡಿಲ್ಲ ಎಂದರ್ಥ. ಗುಂಡಿ ಒತ್ತಿಲ್ಲ, ಅಥವಾ ಒತ್ತಿ ಅರೆಕ್ಷಣವೂ ಆಗಿಲ್ಲ. ಅಂಥ ಸಾಧನ ಇಲ್ಲ ಎಂಬುದು ಬೇರೆಯೇ ಉತ್ತರ. ಹಳೆಯ ಸ್ಥಿರ /ಡೆವ್ ಇರುವ ವ್ಯವಸ್ಥೆಯಲ್ಲಿ 188 ಎಂಬ ಪ್ರಧಾನ ಸಂಖ್ಯೆಯಡಿ ಕಡತವನ್ನು ಮೊದಲೇ ಮಾಡಿಟ್ಟಿದ್ದಾರೆ, ಕಡತ ಇದೆ, ಅದರ ಹಿಂದೆ ಪಾಮ್ ಇಲ್ಲ. ಯುಡೆವ್ ಇರುವ ವ್ಯವಸ್ಥೆಯಲ್ಲಿ ಅನುಮತಿ ಇಲ್ಲ ಎಂದು ಬಂದರೆ ಅದು ಶುಭಸೂಚನೆ: ಕೇಬಲ್, ಡ್ರೈವರ್, ಕಡತ ಎಲ್ಲವೂ ಸರಿ ಇವೆ, ಉಳಿದದ್ದು ಗುಂಪಿನ ಸದಸ್ಯತ್ವ ಮಾತ್ರ. ಈ ಮೂರು ಉತ್ತರಗಳಿಗೆ ಮೂರು ಬೇರೆ ಪರಿಹಾರಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ಇಲ್ಲಿ ಸ್ವತಃ ತಂತ್ರಾಂಶದ ಮೇಲೂ ದೂರಿದೆ, ಅದನ್ನು ಹೇಳಲೇಬೇಕು. /ಡೆವ್/ಪೈಲಟ್ ಸಿಗದಿದ್ದಾಗ ಪೈಲಟ್-ಲಿಂಕ್ ತೋರಿಸುತ್ತಿದ್ದ ಸಂದೇಶ ಎಂಕೆನೋಡ್ ಆಜ್ಞೆಯಿಂದ ಆ ಕಡತವನ್ನು ಮಾಡಿಕೊಳ್ಳಿ ಎಂದು ಸಲಹೆ ಕೊಡುತ್ತಿತ್ತು. ಸ್ಥಿರ /ಡೆವ್ ಇದ್ದ ಕಾಲಕ್ಕೆ ಅದು ತಕ್ಕ ಸಲಹೆಯೇ. ಯುಡೆವ್ ಬಂದ ಮೇಲೆ /ಡೆವ್ ಪ್ರತಿ ಬೂಟಿನಲ್ಲೂ ಹೊಸದಾಗಿ ಹುಟ್ಟುತ್ತದೆ. ಕೈಯಾರೆ ಮಾಡಿದ ಕಡತ ಮರುದಿನ ಇರುವುದಿಲ್ಲ. ಸಂದೇಶವನ್ನು ನಂಬಿ ಸಲಹೆಯಂತೆ ನಡೆದ ಬಳಕೆದಾರರು ಪ್ರತಿದಿನ ಸೋತರು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಅದರಿಂದ ಅವರು ತೆಗೆದ ತೀರ್ಮಾನ ಮಾತ್ರ ನ್ಯಾಯವಾದದ್ದಲ್ಲ: ಹಳಸಿದ ಒಂದು ಸಂದೇಶ ಇತ್ತು ಎಂಬುದರಿಂದ ವ್ಯವಸ್ಥೆಗೆ ನಿಯಮವೇ ಇಲ್ಲ ಎಂದಾಗುವುದಿಲ್ಲ.

ರೂಟ್ ಆಗಿ ಓಡಿಸಿ ಎಂಬ ಸಲಹೆಯಷ್ಟು ಹಾನಿ ಮಾಡಿದ್ದು ಬಹುಶಃ ಬೇರೊಂದಿಲ್ಲ. ಅದು ಒಂದು ಸಲ ಕೆಲಸ ಮಾಡುತ್ತದೆ ಎಂಬುದೇ ಅದರ ಅಪಾಯ. ರೂಟ್ ಆಗಿ ಸಿಂಕ್ ಮಾಡಿದಾಗ ಬಳಕೆದಾರರ ಮನೆ ಕೋಶದೊಳಗೆ ಇಳಿಯುವ ಕಡತಗಳು ರೂಟ್‌ನ ಸ್ವತ್ತಾಗುತ್ತವೆ. ಮುಂದೆ ಅನುಮತಿಯ ಮೂಲ ತೊಂದರೆಯನ್ನು ಸರಿಪಡಿಸಿ ಸಾಮಾನ್ಯ ಬಳಕೆದಾರರಾಗಿ ಜೆ-ಪೈಲಟ್ ತೆರೆದರೆ, ಅದಕ್ಕೆ ತನ್ನ ಕಡತಗಳ ಮೇಲೇ ಬರೆಯಲಾಗುವುದಿಲ್ಲ. ಒಂದು ತೊಂದರೆ ಇದ್ದಲ್ಲಿ ಎರಡಾದವು. 666 ಮಾಡುವ ಸಲಹೆಗೆ ಆಯುಷ್ಯವೂ ಇಲ್ಲ. ಅನುಮತಿ ಬದಲಿಸಿದ್ದು ಈಗಿರುವ ಕಡತಕ್ಕೆ. ಪಾಮ್ ಇಳಿದುಹೋದಾಗ ಆ ಕಡತವೇ ಅಳಿಯುತ್ತದೆ, ಮುಂದಿನ ಸಲ ಹುಟ್ಟುವುದು ಹೊಸ ಕಡತ, ಹಳೆಯ ಅನುಮತಿಗಳೊಂದಿಗೆ. ಆಗ ಬಳಕೆದಾರರು ನಿನ್ನೆ ಸರಿಯಾಗಿತ್ತು, ಇವತ್ತು ತಾನಾಗಿ ಕೆಟ್ಟಿತು ಎನ್ನುತ್ತಾರೆ. ಮಾಡಬೇಕಾದದ್ದು ಇಷ್ಟೇ: ಸಾಧನ ಕಡತ ಯಾವ ಗುಂಪಿಗೆ ಸೇರಿದೆ ಎಂದು ಎಲ್ಎಸ್ ಆಜ್ಞೆಯಿಂದ ನೋಡಿ, ಡೆಬಿಯನ್‌ನಲ್ಲಿ ಡಯಲ್‌ಔಟ್, ಬೇರೆ ಕೆಲವು ವಿತರಣೆಗಳಲ್ಲಿ ಯುಯುಸಿಪಿ, ಆ ಗುಂಪಿಗೆ ಬಳಕೆದಾರರನ್ನು ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಕೊನೆಯ ಹೆಜ್ಜೆ ಮರೆತವರು ಗುಂಪಿಗೆ ಸೇರಿಸಿದರೂ ಆಗಲಿಲ್ಲ ಎನ್ನುತ್ತಾರೆ. ಗುಂಪಿನ ಪಟ್ಟಿಯನ್ನು ಓದುವುದು ಲಾಗಿನ್ ಆಗುವಾಗ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ.

ವೇಗ ಬದಲಿಸುವ ಸಲಹೆಗೆ ಹೆಚ್ಚು ಮಾತು ಬೇಡ. 9600, 57600, 115200 ಎಂಬ ಅಂಕಿಗಳು ಸೀರಿಯಲ್ ತಂತಿಯವು. ಜೆ-ಪೈಲಟ್‌ನ ಆಯ್ಕೆಗಳ ಕಿಟಕಿಯಲ್ಲೇ ಈ ಸೀರಿಯಲ್ ವೇಗ ಯುಎಸ್‌ಬಿಗೆ ತಾಗುವುದಿಲ್ಲ ಎಂದು ಬರೆದಿದೆ.

ಹಾರ್ಡ್ ರೀಸೆಟ್ ವಿಷಯ ಹಾಗಲ್ಲ, ಅಲ್ಲಿ ಎಷ್ಟು ಮಾತಾಡಿದರೂ ಕಡಿಮೆಯೇ. ಗುಂಡಿ ಒತ್ತಿದರೂ ಲಾಗಿನಲ್ಲಿ ಏನೂ ಕಾಣದಿದ್ದರೆ ಸಾಧನವನ್ನು ರೀಸೆಟ್ ಮಾಡಿ ನೋಡಬಹುದು ಎಂದು ಕರ್ನೆಲ್ ಟಿಪ್ಪಣಿಯೂ ಹೇಳುತ್ತದೆ. ಮೊದಲು ಮೆದು ರೀಸೆಟ್, ತೀರಾ ಅಗತ್ಯವಿದ್ದರೆ ಮಾತ್ರ ಮುಂದಿನದು. ಈ ಷರತ್ತುಗಳನ್ನು ಉದುರಿಸಿ, ಅನುಮತಿಯ ತೊಂದರೆಗೂ ಪೋರ್ಟ್ ಸಂಖ್ಯೆಯ ತೊಂದರೆಗೂ ಹಾರ್ಡ್ ರೀಸೆಟ್ಟೇ ಮದ್ದು ಎಂದದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಹಾರ್ಡ್ ರೀಸೆಟ್ ಎಂದರೆ ರ‍್ಯಾಮ್‌ನಲ್ಲಿದ್ದ ಬಳಕೆದಾರರ ಮಾಹಿತಿಯನ್ನೆಲ್ಲ ಅಳಿಸುವುದು. ಕೊನೆಯ ಬ್ಯಾಕಪ್ ಆದ ಮೇಲೆ ಬರೆದ ಪ್ರತಿ ಟಿಪ್ಪಣಿಯೂ ಅಲ್ಲಿಗೆ ಹೋಯಿತು. ಇನ್ನೂ ಭೀಕರವಾದದ್ದು ಮುಂದಿದೆ. ಪೈಲಟ್-ಎಕ್ಸ್‌ಫರ್‌ಗೆ -ಎಸ್ ಎಂಬ ಆಯ್ಕೆ ಇದೆ; ಪಾಮ್‌ನಲ್ಲಿ ಇಲ್ಲದ್ದನ್ನು ಅದು ಕಂಪ್ಯೂಟರಿನ ಬ್ಯಾಕಪ್ ಕೋಶದಿಂದಲೂ ತೆಗೆದುಹಾಕುತ್ತದೆ. ಹಾರ್ಡ್ ರೀಸೆಟ್ ಆಗಿ ಬರಿದಾದ ಪಾಮನ್ನು ಹಳೆಯ ಅಭ್ಯಾಸದಂತೆ -ಎಸ್ ಕೊಟ್ಟು ಸಿಂಕ್ ಮಾಡಿದರೆ ಉಳಿದಿದ್ದ ಪ್ರತಿಯೂ ಅಳಿಯುತ್ತದೆ. ಅಂಥ ಹೊತ್ತಿನಲ್ಲಿ ಬೇಕಾದದ್ದು ಬ್ಯಾಕಪ್ಪಿನಿಂದ ಮರಳಿ ತುಂಬುವ -ಆರ್ ಆಯ್ಕೆ. ಸಿಂಕ್ ಆಗದ ಪಾಮ್ ಒಂದು ತೊಂದರೆ. ಎರಡೂ ಕಡೆ ಬರಿದಾದ ವಿಳಾಸಪುಸ್ತಕ ಮರಳಿ ಬಾರದ ನಷ್ಟ. ಮೊದಲನೆಯದನ್ನು ಎರಡನೆಯದಾಗಿ ಮಾಡಿದ್ದು ಮಾಡಿ ನೋಡಿ ಎಂಬ ಈ ಹಗುರ ಮಾತು.

ವಿಂಡೋಸ್‌ನಲ್ಲಿ ಇದೆಲ್ಲ ತಾಪತ್ರಯ ಇಲ್ಲದೆ ಆಗುತ್ತದಲ್ಲ ಎಂಬುದು ಎದುರಾಳಿಗಳ ನೆಚ್ಚಿನ ಪ್ರಶ್ನೆ. ಆಗುತ್ತಿತ್ತು ನಿಜ. ಏಕೆಂದರೆ ಅಲ್ಲಿ ಹಾಟ್‌ಸಿಂಕ್ ಮ್ಯಾನೇಜರ್ ಎಂಬ ಪ್ರೋಗ್ರಾಂ ಪರದೆಯ ಮೂಲೆಯಲ್ಲಿ ಸದಾ ಕೂತು, ಯುಎಸ್‌ಬಿ ಸಾಧನ ಯಾವಾಗ ಬರುತ್ತದೆ ಎಂದು ಕಾಯುತ್ತಿತ್ತು. ಪೋರ್ಟಿನ ಹೆಸರನ್ನು ಬಳಕೆದಾರರ ಕೈಯಲ್ಲಿ ಬರೆಸುತ್ತಿರಲಿಲ್ಲ. ಸಾಧನ ಬಂದ ಮೇಲೆ ಪೋರ್ಟ್ ತೆರೆಯುವ ಕ್ರಮ ಅಲ್ಲಿ ಪ್ರೋಗ್ರಾಮಿನೊಳಗೇ ಸೇರಿಹೋಗಿತ್ತು. ಲಿನಕ್ಸ್‌ನಲ್ಲಿ ಕೈಯಿಂದ ಮಾಡಬೇಕಾಗಿದ್ದದ್ದು ಇದೇ ಕ್ರಮವನ್ನು. ಫ್ರೀಬಿಎಸ್‌ಡಿ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಯುಎಸ್‌ಬಿಡಿ ಎಂಬ ಡೀಮನ್ನಿನ ಸಂರಚನಾ ಕಡತದಲ್ಲಿ ಹ್ಯಾಂಡ್‌ಸ್ಪ್ರಿಂಗ್ ವೈಸರ್‌ಗೆಂದೇ ಒಂದು ನಮೂದು ಇರುತ್ತಿತ್ತು: ಈ ತಯಾರಕ ಸಂಖ್ಯೆಯ ಸಾಧನ ಬಸ್ಸಿಗೆ ಬಂದ ಕೂಡಲೇ ಕೋಲ್ಡ್‌ಸಿಂಕ್ ಎಂಬ ಸಿಂಕ್ ಪ್ರೋಗ್ರಾಮನ್ನು ಓಡಿಸು ಎಂದು. ಮೊದಲು ಗುಂಡಿ, ಆಮೇಲೆ ಪ್ರೋಗ್ರಾಂ. ಕರ್ನೆಲ್ ಬೇರೆ, ತಂತ್ರಾಂಶ ಬೇರೆ, ಕ್ರಮ ಮಾತ್ರ ಅದೇ. ಪಾಮ್‌ನ ಯಂತ್ರಾಂಶ ಎಲ್ಲೆಡೆಯೂ ಒಂದೇ ಆಗಿರುವಾಗ ಬೇರೆ ಕ್ರಮ ಇರಲು ಸಾಧ್ಯವೂ ಇಲ್ಲ.

ಪ್ರಚಲಿತ ಅಭಿಪ್ರಾಯದ ಪರವಾಗಿ ಹೇಳಬಹುದಾದ ಬಲವಾದ ಮಾತು ಒಂದಿದೆ, ಅದು ಲಿಬ್‌ಯುಎಸ್‌ಬಿ ಬಂದಾಗಿನ ಗೊಂದಲ. ಪೈಲಟ್-ಲಿಂಕ್ 0.12 ಸರಣಿಯಿಂದ, ಲಿಬ್‌ಯುಎಸ್‌ಬಿ ಎಂಬ ಲೈಬ್ರರಿಯ ಮೂಲಕ, ಕರ್ನೆಲ್ಲಿನ ವೈಸರ್ ಡ್ರೈವರ್ ಇಲ್ಲದೆಯೂ ನೇರವಾಗಿ ಯುಎಸ್‌ಬಿ ಸಾಧನದ ಜೊತೆ ಮಾತಾಡುವ ದಾರಿ ತೆರೆಯಿತು. ಪೋರ್ಟಿನ ಜಾಗದಲ್ಲಿ ಯುಎಸ್‌ಬಿ ಎಂದು ಬರೆದು ಮುಂದೆ ಕೋಲನ್ ಚಿಹ್ನೆ (:) ಇಟ್ಟರೆ ಸಾಕು; ಪ್ರೋಗ್ರಾಂ ತಾನೇ ಸಾಧನಕ್ಕಾಗಿ ಕಾಯುತ್ತದೆ, ಟಿಟಿವೈಯುಎಸ್‌ಬಿ ಸಂಖ್ಯೆಗಳ ಗೊಡವೆ ಇಲ್ಲ, ಗುಂಡಿ ಮೊದಲೋ ಪ್ರೋಗ್ರಾಂ ಮೊದಲೋ ಎಂಬ ಚಿಂತೆಯೂ ಇಲ್ಲ. ನಿಜಕ್ಕೂ ಉತ್ತಮ ದಾರಿ. ಆದರೆ ಒಂದೇ ಸಾಧನವನ್ನು ಇಬ್ಬರು ಹಿಡಿಯಲಾಗದು. ವೈಸರ್ ಡ್ರೈವರ್ ಮೊದಲು ಹಿಡಿದರೆ ಲಿಬ್‌ಯುಎಸ್‌ಬಿ ದಾರಿ ಮುಚ್ಚುತ್ತದೆ. ವೈಸರ್ ಡ್ರೈವರನ್ನು ನಿಷೇಧ ಪಟ್ಟಿಗೆ ಹಾಕಿದರೆ ಟಿಟಿವೈಯುಎಸ್‌ಬಿ ಹುಟ್ಟುವುದೇ ಇಲ್ಲ. ಕೆಲವು ವಿತರಣೆಗಳು ಪೈಲಟ್-ಲಿಂಕ್ ಪ್ಯಾಕೇಜಿನ ಜೊತೆಗೇ ವೈಸರನ್ನು ನಿಷೇಧಿಸಿದವು. ಹಳೆಯ ಕೈಪಿಡಿ ಹಿಡಿದು ಟಿಟಿವೈಯುಎಸ್‌ಬಿ1ಕ್ಕಾಗಿ ಹುಡುಕಿದವರಿಗೆ ಅದು ಸಿಗಲಿಲ್ಲ. ವ್ಯವಸ್ಥೆಯನ್ನು ಹೊಸದಕ್ಕೆ ಏರಿಸಿದ ಮರುದಿನವೇ, ನಿನ್ನೆವರೆಗೆ ಆಗುತ್ತಿದ್ದದ್ದು ನಿಂತಿತು. ಈ ಬದಲಾವಣೆಯನ್ನು ಬಳಕೆದಾರರಿಗೆ ಸ್ಪಷ್ಟವಾಗಿ ಹೇಳದೆ ಮಾಡಿದ್ದು ವಿತರಣೆಗಳ ತಪ್ಪು, ಅದನ್ನು ಒಪ್ಪಲೇಬೇಕು. ಅಷ್ಟಾದರೂ ಇಲ್ಲಿಯೂ ಲಾಗ್ ಸುಳ್ಳು ಹೇಳಲಿಲ್ಲ. ಸಾಧನ ಸಿಕ್ಕಿತು ಎಂಬ ಮೊದಲ ಸಾಲು ಬಂದು ಡ್ರೈವರಿನ ಸಾಲು ಬರದಿದ್ದರೆ, ಮಾಡ್‌ಪ್ರೋಬ್‌ನ ಕೋಶದಲ್ಲಿ ನಿಷೇಧ ಪಟ್ಟಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ಎರಡರಲ್ಲಿ ಒಂದು ದಾರಿ ಆರಿಸಿ ಇನ್ನೊಂದನ್ನು ಮುಚ್ಚಬೇಕು. ಅರ್ಧ ಅದು ಅರ್ಧ ಇದು ಎಂದು ಬೆರೆಸಿದ್ದೇ ಗೊಂದಲದ ತಾಯಿಬೇರು.

ಡ್ರೈವರಿಗೆ ಪರಿಚಯವಿಲ್ಲದ ಮಾದರಿಗಳೂ ಇದ್ದವು. ಡ್ರೈವರ್ ಸಾಧನವನ್ನು ಗುರುತಿಸುವುದು ತಯಾರಕ ಸಂಖ್ಯೆ, ಉತ್ಪನ್ನ ಸಂಖ್ಯೆಗಳ ಜೋಡಿಯಿಂದ: ಹ್ಯಾಂಡ್‌ಸ್ಪ್ರಿಂಗ್‌ಗೆ 082ಡಿ, ಪಾಮ್‌ಗೆ 0830, ಸೋನಿಗೆ 054ಸಿ. ಹೊಸ ಮಾದರಿಯ ಉತ್ಪನ್ನ ಸಂಖ್ಯೆ ಡ್ರೈವರಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಸಾಧನ ಬಸ್ಸಿಗೆ ಬಂದರೂ ಯಾರೂ ಮಾತಾಡಿಸುವುದಿಲ್ಲ. ಇಲ್ಲಿ ಹೊಸ ಕರ್ನೆಲ್ ಬರುವವರೆಗೆ ಕಾಯಬೇಕು ಎಂಬುದೂ ಒಂದು ಪ್ರಚಲಿತ ತಪ್ಪು. ಎಲ್ಎಸ್‌ಯುಎಸ್‌ಬಿ ತೋರಿಸುವ ಆ ಎರಡು ಸಂಖ್ಯೆಗಳನ್ನು ವೈಸರ್ ಮಾಡ್ಯೂಲ್ ಲೋಡ್ ಮಾಡುವಾಗ ನಿಯತಾಂಕಗಳಾಗಿ ಕೊಡಲು ಅವಕಾಶ ಇತ್ತು.

ಪೋರ್ಟ್ ಸಿಕ್ಕು, ಅನುಮತಿ ಸಿಕ್ಕು, ಪೈಲಟ್-ಎಕ್ಸ್‌ಫರ್ -ಎಲ್ ಕೊಟ್ಟಾಗ ಪಾಮ್‌ನೊಳಗಿನ ದತ್ತಕೋಶಗಳ ಪಟ್ಟಿ ಪರದೆಯ ಮೇಲೆ ಇಳಿದರೆ ಯುಎಸ್‌ಬಿಯ ಅಧ್ಯಾಯ ಮುಗಿದಂತೆ. ಆಮೇಲೆ ಜೆ-ಪೈಲಟ್ ಅಥವಾ ಬೇರೆ ಪ್ರೋಗ್ರಾಂ ಸಿಂಕ್ ಮಾಡಲು ನಿರಾಕರಿಸಿದರೆ ಕಾರಣ ಕೇಬಲ್ಲಿನಲ್ಲೂ ಇಲ್ಲ, ಕರ್ನೆಲ್ಲಿನಲ್ಲೂ ಇಲ್ಲ. ಹೆಚ್ಚಾಗಿ ಕಾಣುವುದು ಬಳಕೆದಾರ ಗುರುತಿನ ತಕರಾರು. ಪ್ರತಿ ಪಾಮ್‌ಗೂ ಒಂದು ಹೆಸರು, ಒಂದು ಗುರುತು ಸಂಖ್ಯೆ ಇರಬೇಕು. ಎಂದೂ ಸಿಂಕ್ ಆಗದ ಅಥವಾ ಹಾರ್ಡ್ ರೀಸೆಟ್ ಆದ ಪಾಮ್‌ನಲ್ಲಿ ಅದು ಇರುವುದಿಲ್ಲ. ಅಂಥದನ್ನು ಕಂಡಾಗ ಜೆ-ಪೈಲಟ್ ಮುಂದುವರಿಯದೆ, ರೀಸೆಟ್ ಆಗಿದ್ದರೆ ಬ್ಯಾಕಪ್ಪಿನಿಂದ ಮರಳಿ ತುಂಬಿಸಿ, ಹೊಸದಾಗಿದ್ದರೆ ಇನ್‌ಸ್ಟಾಲ್-ಯೂಸರ್ ಆಜ್ಞೆಯಿಂದ ಹೆಸರು ಕೊಡಿ ಎಂದು ತಿಳಿಸುತ್ತದೆ. ಅದು ನಿಲ್ಲುವುದು ಬಳಕೆದಾರರ ಮಾಹಿತಿಯನ್ನು ಕಾಪಾಡುವುದಕ್ಕೆ. ಇದನ್ನೂ ಸಿಂಕ್ ಮತ್ತೆ ಕೆಟ್ಟಿತು ಎಂಬ ದೂರಿನ ಪಟ್ಟಿಗೇ ಸೇರಿಸಿದವರು ತಂತ್ರಾಂಶ ಮಾಡಿದ ಉಪಕಾರವನ್ನು ಅಪರಾಧವೆಂದು ಬಗೆದರು.

ಹಳೆಯ ವೈಸರ್, ಎಂ505, ಕ್ಲಿಯೆಗಳು ಇನ್ನೂ ಮೇಜಿನ ಖಾನೆಗಳಲ್ಲಿವೆ. ಬ್ಯಾಟರಿ ಜೀವ ಹಿಡಿದಿರುವ ಕೆಲವುಗಳಲ್ಲಿ ಬೇರೆಲ್ಲೂ ಇಲ್ಲದ ಬರಹ ಇರಬಹುದು. ಅಂಥದನ್ನು ಹೊರತೆಗೆಯುವವರು ಮೊದಲು ಕರ್ನೆಲ್ ಲಾಗ್ ತೆರೆದಿಡಲಿ, ಆಮೇಲೆ ಗುಂಡಿ ಒತ್ತಲಿ, ಲಾಗ್ ಹೇಳಿದ ಪೋರ್ಟಿನಲ್ಲಿ -ಬಿ ಆಯ್ಕೆ ಕೊಟ್ಟು ಬರಿದಾದ ಹೊಸ ಕೋಶಕ್ಕೆ ಪೂರ್ತಿ ಬ್ಯಾಕಪ್ ಇಳಿಸಿಕೊಳ್ಳಲಿ. ಆ ಬ್ಯಾಕಪ್ ಕೈಗೆ ಬರುವವರೆಗೆ, ಯಾರು ಏನೇ ಸಲಹೆ ಕೊಟ್ಟರೂ, ಹಾರ್ಡ್ ರೀಸೆಟ್ ಮಾಡಬಾರದು.